ಹಸಿರು ಕಾಯಿಗಳ ಅಪ್ಪ

ಎಂಟು ತಿಂಗಳ ಮೇಲೆ ಮನೆಗೆ ಬಂದ ಗಂಡಸು ಮೊದಲು ಹುಡುಕುವುದು ತನ್ನ ಜಾಗಗಳನ್ನು. ಚಪ್ಪಲಿ ಬಿಡುವ ಮೂಲೆ, ಟವೆಲು ನೇತುಹಾಕುವ ಮೊಳೆ, ಊಟದ ಮೇಜಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರುವ ಕುರ್ಚಿ. ನಮ್ಮ ಫಿಟ್ಟರಿಗೆ ಈ ಸಲ ಮೂಲೆ ಸಿಕ್ಕಿತು, ಮೊಳೆಯೂ ಸಿಕ್ಕಿತು. ಕುರ್ಚಿಯ ಜಾಗದಲ್ಲಿ ಮಾತ್ರ ಆಗಲೇ ಒಬ್ಬ ಅಪ್ಪ ಇದ್ದ. ಹಸಿರು ಬಣ್ಣದವನು, ಮರದ ಕಾಯಿಗಳವನು, ಅವನಿಗಿಂತ ಎಷ್ಟೋ ಒಳ್ಳೆಯವನು.

ಫಿಟ್ಟರ್ ಎಂದರೆ ಸರಕು ಹಡಗಿನ ಎಂಜಿನ್ ಕೋಣೆಯ ಫಿಟ್ಟರ್. ಹದಿನಾರು ವರ್ಷದಿಂದ ಅದೇ ಕೆಲಸ. ಎಂಟು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ನೀರಿನ ಮೇಲೆ ಎನ್ನುವುದೂ ಹೆಸರಿಗೆ ಮಾತ್ರ. ಅವನಿರುತ್ತಿದ್ದುದು ನೀರಿನ ಮಟ್ಟಕ್ಕಿಂತ ಕೆಳಗೆ, ಮೂರು ಏಣಿ ಇಳಿದರೆ ಸಿಗುವ, ಎಣ್ಣೆಯ ವಾಸನೆ ಗೋಡೆಗೇ ಅಂಟಿದ ಕೋಣೆಯಲ್ಲಿ. ಪಂಪು ಬಿಚ್ಚುವುದು, ವಾಲ್ವು ಉಜ್ಜುವುದು, ಸೋರುವ ಪೈಪಿಗೆ ಬೆಸುಗೆ ಹಾಕುವುದು. ಅಲ್ಲಿನ ಗದ್ದಲದಲ್ಲಿ ಕೂಗಿ ಕೂಗಿ ಅವನ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ, ಮನೆಗೆ ಬಂದ ಮೊದಲ ವಾರ ಅವನು ಉಪ್ಪು ಕೇಳಿದರೆ ಪಕ್ಕದ ಮನೆಯವರೂ ಉಪ್ಪು ಹಿಡಿದು ಬರಬೇಕು, ಹಾಗೆ. “ನಾವು ಇಲ್ಲೇ ಇದ್ದೀವಿ ರೀ, ಹಡಗಿನ ಆ ತುದೀಲಿಲ್ಲ,” ಎಂದು ಹೆಂಡತಿ ಪ್ರತಿ ರಜೆಯಲ್ಲೂ ನೆನಪಿಸಬೇಕಿತ್ತು.

ಆಟ ಮನೆಗೆ ಬಂದದ್ದು ಅವನು ಹಿಂದಿನ ಸಲ ಹಡಗು ಹತ್ತಿದ ಮೂರನೇ ವಾರ. ಹೆಂಡತಿ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿನ ಡಾಕ್ಟರಮ್ಮ ಮನೆ ಖಾಲಿ ಮಾಡುವಾಗ, “ನಮ್ಮನೇಲಿ ಇದು ಯಾರ ತಲೆಗೂ ಹತ್ತಲಿಲ್ಲ, ನೀನಾದ್ರೂ ತಗೊಂಡು ಹೋಗು,” ಎಂದು ಕೊಟ್ಟ ದೊಡ್ಡ ಪೆಟ್ಟಿಗೆ ಅದು. ಒಳಗೆ ಊಟದ ಮೇಜಿನಷ್ಟೇ ಅಗಲದ ಬೋರ್ಡು. ಬೋರ್ಡಿನ ತುಂಬ ದ್ವೀಪಗಳು, ನದಿಗಳು, ಸೇತುವೆಗಳು. ನಾಲ್ಕು ಬಣ್ಣದ ಮರದ ಕಾಯಿಗಳು. ಧಾನ್ಯ, ಮರ, ಕಲ್ಲು ಎಂದು ಚೀಟಿಗಳು. ನಲವತ್ತನಾಲ್ಕು ಪುಟದ ನಿಯಮದ ಪುಸ್ತಕ. ಊರು ಕಟ್ಟಬೇಕು, ದೋಣಿ ಬಿಡಬೇಕು, ಬೇಕಾದರೆ ಬೇರೆಯವರ ದೋಣಿ ಮುಳುಗಿಸಬಹುದು. ಐದು ಸುತ್ತಿಗೊಮ್ಮೆ ಬಿರುಗಾಳಿ ಬರುತ್ತದೆ. ಆಗ ಕಣಜದಲ್ಲಿ ಧಾನ್ಯ ಇಲ್ಲದವರ ಒಂದು ಊರು ಹೋಗುತ್ತದೆ, ಅಲ್ಲಲ್ಲಿ ಸೇತುವೆಗಳು ಮುರಿಯುತ್ತವೆ. ಐದು ಬಿರುಗಾಳಿ ದಾಟಿದ ಮೇಲೆ ಯಾರ ಊರುಗಳು ಹೆಚ್ಚೋ ಅವರು ಗೆದ್ದಂತೆ. ಕೇಳುವುದಕ್ಕೆ ಇಷ್ಟೇ. ಕಲಿಯುವುದಕ್ಕೆ ತಾಯಿ ಮಕ್ಕಳಿಗೆ ನಾಲ್ಕು ಭಾನುವಾರ ಹಿಡಿಯಿತು, ಎರಡು ಸಲ ಅಳುವೂ ಆಯಿತು.

ಮಕ್ಕಳು ಇಬ್ಬರು. ದೊಡ್ಡವಳಿಗೆ ಹದಿನಾಲ್ಕು ವರ್ಷ. ಹಾಲು ಕುಡಿ ಎಂದರೂ ಅದರಲ್ಲೊಂದು ಪಾಯಿಂಟು ಎತ್ತುತ್ತಿದ್ದುದರಿಂದ ಮನೆಯಲ್ಲಿ ಅವಳು ವಕೀಲೆ. ಚಿಕ್ಕವಳಿಗೆ ಒಂಬತ್ತು. ಬೇಕಾದದ್ದು ಸಿಗುವ ತನಕ ಒಂದೇ ರಾಗದಲ್ಲಿ ಕೊಯ್ಯುತ್ತಿದ್ದುದರಿಂದ ಅವಳು ಪಿಟೀಲು. ಆಟಕ್ಕೆ ನಾಲ್ಕು ಜನ ಬೇಕೇ ಬೇಕು ಎಂದು ಪುಸ್ತಕದ ಎರಡನೇ ಪುಟದಲ್ಲಿ ಇತ್ತು. ತಾಯಿ ಪುಸ್ತಕ ಮುಚ್ಚಿಟ್ಟಳು.

“ನಾವು ನಾಲ್ಕೇ ಜನ ತಾನೆ?” ಎಂದಳು ಪಿಟೀಲು. “ಅಪ್ಪನ್ನ ಸೇರಿಸ್ಕೊಳ್ಳೋಣ.”

ವಕೀಲೆ ಅದಕ್ಕೆ ಕೂಡಲೇ ಕಾನೂನು ಮಾಡಿದಳು. ಹಸಿರು ಕಾಯಿಗಳು ಅಪ್ಪನವು. ಅಪ್ಪನ ಕೈಯನ್ನು ಮೂವರೂ ಸರದಿಯಂತೆ ಆಡಬೇಕು. ತನ್ನ ಲಾಭಕ್ಕೆ ಆಡಕೂಡದು, ಅಪ್ಪ ಆಡುವ ಹಾಗೆಯೇ ಆಡಬೇಕು. ಯಾಕೆ ಹೀಗೆ ಎಂದು ಬಾಯಿಬಿಟ್ಟು ಹೇಳಬೇಕು. ಮೂವರೂ ಒಪ್ಪಿದರೆ ಮಾತ್ರ ಹಸಿರು ಕಾಯಿ ಮುಂದಕ್ಕೆ ಹೋಗುತ್ತದೆ. ಹೀಗೆ ಒಪ್ಪಿದ್ದನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಳು. ಅಪ್ಪ ತಾನಾಗಿ ಯಾರ ದೋಣಿಯನ್ನೂ ಮುಳುಗಿಸುವುದಿಲ್ಲ. ಬಿರುಗಾಳಿಗೆ ಮುಂಚೆ ಅಪ್ಪ ಪಿಟೀಲಿನ ಕಣಜ ನೋಡುತ್ತಾನೆ, ಕಡಿಮೆ ಇದ್ದರೆ ತನ್ನದರಿಂದ ಕೊಡುತ್ತಾನೆ. ಅಮ್ಮ ಸುಸ್ತಾಗಿದ್ದ ದಿನ ಅಪ್ಪ ಅಮ್ಮನ ಎದುರು ಆಡುವುದಿಲ್ಲ. ಸೋತರೆ ಅಪ್ಪ ಮುಖ ಊದಿಸಿಕೊಳ್ಳುವುದಿಲ್ಲ. ಎಂಟು ತಿಂಗಳಲ್ಲಿ ಮೂವತ್ತೊಂದು ಆಟ ನಡೆಯಿತು, ಹನ್ನೆರಡನ್ನು ಹಸಿರು ಅಪ್ಪನೇ ಗೆದ್ದ.

ಇದೆಲ್ಲ ಫಿಟ್ಟರಿಗೆ ಫೋನಿನಲ್ಲಿ ಚೂರುಪಾರು ತಿಳಿಯುತ್ತಿತ್ತು. ಹಡಗು ಯಾವುದಾದರೂ ಬಂದರಿನ ಹತ್ತಿರ ಬಂದಾಗ ಸಿಗ್ನಲ್ಲು ಸಿಗುತ್ತಿತ್ತು. “ಅಪ್ಪಾ, ನೀನು ನಿನ್ನೆ ಗೆದ್ದೆ,” ಎಂದು ಪಿಟೀಲು ಕೂಗುತ್ತಿದ್ದಳು. ಅವನು ತಲೆಬುಡ ಗೊತ್ತಿಲ್ಲದಿದ್ದರೂ “ಶಭಾಷ್” ಎನ್ನುತ್ತಿದ್ದ. ಆಮೇಲೆ ಕೆಲಸ ಮುಗಿಸಿ ತನ್ನ ಕಿರಿದಾದ ಮಂಚದ ಮೇಲೆ ಬಿದ್ದುಕೊಂಡಾಗ ಅದೇ ಮಾತು ಕಿವಿಯಲ್ಲಿ ಸುತ್ತುತ್ತಿತ್ತು. ಎಲ್ಲೋ ದೂರದಲ್ಲಿ ಒಂದು ಮೇಜಿದೆ, ಅಲ್ಲಿ ನಾನಿದ್ದೇನೆ, ನಿನ್ನೆ ಗೆದ್ದಿದ್ದೇನೆ. ಹೋಗಿ ಆ ಜಾಗದಲ್ಲಿ ಕೂತುಬಿಟ್ಟರೆ ಸಾಕು ಎಂದು ಅವನಿಗೆ ಅನ್ನಿಸುತ್ತಿತ್ತು. ಈ ಸಲದ ರಜೆಯಿಂದ ಅವನಿಗೆ ಬೇಕಾಗಿದ್ದುದು ಅದೊಂದೇ.

ಮನೆಗೆ ಬಂದ ಮಾರನೆಯ ದಿನವೇ ಅವನು ಆಟ ಕಲಿಯಲು ಕೂತ. ಕೂತದ್ದೂ ಫಿಟ್ಟರ್ ಕೂರುವ ಹಾಗೆ. ನೆಲದ ಮೇಲೆ ಹಳೆಯ ಪೇಪರು ಹಾಸಿ, ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಸುರಿದು, ಕಾಯಿಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಟ್ಟು ಎಣಿಸಿದ. ನಿಯಮದ ಪುಸ್ತಕವನ್ನು ಪೆನ್ಸಿಲ್ ಹಿಡಿದು ಎರಡು ದಿನ ಓದಿದ.

“ಇದು ಪಂಪಲ್ಲ ಅಪ್ಪ, ಆಟ,” ಎಂದಳು ವಕೀಲೆ.

“ಬಿಚ್ಚಿ ನೋಡದೇ ಇರೋದನ್ನ ನಾನು ನಂಬಲ್ಲ ಕಣಮ್ಮ.”

ಭಾನುವಾರ ಮಧ್ಯಾಹ್ನ ಮೊದಲ ಆಟ. ಮೂರನೆಯ ಸುತ್ತಿನಲ್ಲಿ ಪಿಟೀಲಿನ ದೋಣಿ ಧಾನ್ಯ ಹೊತ್ತು ಅವನ ಬಂದರಿನ ಮುಂದೆಯೇ ಹಾದುಹೋಗುತ್ತಿತ್ತು. ಅವನು ದಾಳ ಹಾಕಿ ಅದನ್ನು ಮುಳುಗಿಸಿದ. ಮುಳುಗಿಸಿ, ಎಂಜಿನ್ ಕೋಣೆಯ ಗಂಟಲಿನಲ್ಲಿ ಗಹಗಹಿಸಿ ನಕ್ಕ. ಮೇಜಿನ ಸುತ್ತ ಯಾರೂ ನಗಲಿಲ್ಲ.

“ಅಪ್ಪ ಹೀಗೆ ಆಡಲ್ಲ,” ಎಂದಳು ಪಿಟೀಲು.

“ನಾನೇ ಅಲ್ವೇನೇ ಅಪ್ಪ?”

“ಹೌದು. ಆದ್ರೂ ಅಪ್ಪ ಹೀಗೆ ಆಡಲ್ಲ.”

ವಕೀಲೆ ನೋಟ್‌ಬುಕ್ಕು ತಂದು ಮೊದಲ ಪುಟ ತೆರೆದು ಅವನ ಮುಂದೆ ಇಟ್ಟಳು. ಅವನು ಓದಿದ. ಓದುತ್ತಾ ಓದುತ್ತಾ ಅವನ ಹುಬ್ಬು ಮೇಲೆ ಹೋಯಿತು. ಅಲ್ಲಿದ್ದವನು ಎಂಥ ಸಜ್ಜನನೆಂದರೆ, ಅವನನ್ನು ಯಾರಾದರೂ ತಮ್ಮ ಮಗಳಿಗೆ ಗಂಡನಾಗಿ ನೋಡಿಯಾರು. ಹೊಟ್ಟೆಕಿಚ್ಚುಪಡಲು ಪಾಪ ಫಿಟ್ಟರಿಗೆ ಲೋಕದಲ್ಲಿ ಬೇರೆ ಯಾರೂ ಸಿಗಲಿಲ್ಲ.

ಆದರೆ ಸೋಲೊಪ್ಪುವ ಆಸಾಮಿಯಲ್ಲ ಅವನು. ನೋಟ್‌ಬುಕ್ಕನ್ನೂ ಇನ್ನೊಂದು ಮ್ಯಾನುಯಲ್ ಎಂದುಕೊಂಡು ಬಾಯಿಪಾಠ ಮಾಡಿದ. ಎರಡನೆಯ ವಾರದಿಂದ ಅದರಂತೆಯೇ ಆಡತೊಡಗಿದ. ಯಾರ ದೋಣಿಯನ್ನೂ ಮುಟ್ಟಲಿಲ್ಲ. ಬಿರುಗಾಳಿಗೆ ಮುಂಚೆ ಪಿಟೀಲಿನ ಕಣಜ ಇಣುಕಿ ನೋಡಿದ. ಸಂದೇಹ ಬಂದಾಗ, “ಇಲ್ಲಿ ಅಪ್ಪ ಏನು ಮಾಡ್ತಾನೆ?” ಎಂದು ತಗ್ಗಿದ ದನಿಯಲ್ಲಿ ವಕೀಲೆಯನ್ನು ಕೇಳುತ್ತಿದ್ದ, ಅವಳು ಹೇಳಿಕೊಡುತ್ತಿದ್ದಳು. ಸ್ವಂತ ಮಗಳ ಹತ್ತಿರ ತಾನು ಹೇಗಿರಬೇಕೆಂದು ಪಾಠ ಹೇಳಿಸಿಕೊಳ್ಳುವ ಅಪ್ಪನ ಅವಸ್ಥೆ ಯಾರಿಗೂ ಬೇಡ. ಮಕ್ಕಳು ಖುಷಿಯಾಗಿದ್ದರು, ಮೇಜಿನ ಮೇಲೆ ಜಗಳವೇ ಇರಲಿಲ್ಲ. ಅವನೊಬ್ಬನಿಗೆ ಮಾತ್ರ ಯಾರದೋ ಅಂಗಿ ಹಾಕಿಕೊಂಡು ಕೂತ ಹಾಗೆ ಆಗುತ್ತಿತ್ತು.

ಅಂಥ ಒಂದು ಸಂಜೆ ಆಟದ ಮಧ್ಯೆ ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು ಅವನ ಕಿವಿಗೆ ಬಿತ್ತು. ಫಿಟ್ಟರ್ ಕಿವಿ, ಸುಮ್ಮನಿರುತ್ತದೆಯೇ? ಹೇಳದೆ ಕೇಳದೆ ಎದ್ದು ಹೋಗಿ, ನಲ್ಲಿ ಬಿಚ್ಚಿ, ಸವೆದ ವಾಷರ್ ತೆಗೆದು ಹೊಸದು ಹಾಕಿ, ಕೈ ತೊಳೆದುಕೊಂಡು ಬಂದ. ಹತ್ತು ನಿಮಿಷವಾಗಿದ್ದೀತು. ಬಂದು ನೋಡಿದರೆ ಅವನ ಹಸಿರು ಕಾಯಿಗಳು ಮುಂದೆ ಹೋಗಿದ್ದವು. ಉತ್ತರದ ದ್ವೀಪದಲ್ಲಿ ಅವನದೊಂದು ಹೊಸ ಊರು ಎದ್ದಿತ್ತು.

“ಯಾರು ಆಡಿದ್ದು?”

ಮೂವರೂ ತಲೆ ಎತ್ತಿದರು. ಅವನನ್ನು ನೋಡಿದರು, ಬೋರ್ಡು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಿನ್ನ ಸರದಿ ಎರಡು ಸಲ ಬಂತು,” ಎಂದಳು ಪಿಟೀಲು. “ಒಂದ್ಸಲ ನಾನು ಆಡಿದೆ, ಒಂದ್ಸಲ ಅಮ್ಮ.”

“ಬಚ್ಚಲಲ್ಲೇ ಇದ್ದೆನಲ್ಲೇ. ಒಂದು ಕೂಗು ಹಾಕಿದ್ರೆ ಆಗ್ತಿತ್ತು.”

“ಹೊಳೀಲಿಲ್ಲ ಅಪ್ಪ,” ಎಂದಳು ಅವಳು, ತುಂಬಾ ಪ್ರಾಮಾಣಿಕವಾಗಿ. “ನೀನು ಮನೇಲಿದ್ದೀಯ ಅನ್ನೋದೇ ಮರೆತುಹೋಯ್ತು.”

ವಕೀಲೆ ಅವಳ ತೊಡೆ ಚಿವುಟಿದಳು. ಆಗಲೇ ತಡವಾಗಿತ್ತು. ಫಿಟ್ಟರ್ “ಒಳ್ಳೇ ಜಾಗದಲ್ಲೇ ಕಟ್ಟಿದ್ದೀರ ಬಿಡಿ,” ಎಂದು, ಆ ಆಟವನ್ನು ಕೊನೆಯ ತನಕ ಆಡಿ, ಗೆದ್ದು, ಒಣಗಿದ ಬಟ್ಟೆ ತರುತ್ತೇನೆಂದು ತಾರಸಿಗೆ ಹೋದ. ಬಟ್ಟೆ ಎಲ್ಲ ತೆಗೆದ ಮೇಲೂ ಅಲ್ಲೇ ನಿಂತ. ಅವನಿಗೆ ಅಳು ಬಂದಿತ್ತು, ಬಂದದ್ದನ್ನು ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಹೆಂಡತಿ ಹುಡುಕಿಕೊಂಡು ಮೇಲೆ ಬಂದಳು. ಅವನ ಕೈಯಿಂದ ಬಟ್ಟೆಯ ಹೊರೆ ತೆಗೆದುಕೊಂಡು ಟ್ಯಾಂಕಿನ ಕಟ್ಟೆಯ ಮೇಲಿಟ್ಟು ಮಡಿಸತೊಡಗಿದಳು.

“ನಾನು ಎಲ್ಲಿ ಹೋದ್ರೂ ಒಂದೇ ಅಲ್ವಾ?” ಎಂದ ಅವನು. “ಸಮುದ್ರಕ್ಕೆ ಹೋದ್ರೂ ಅಷ್ಟೇ, ಬಚ್ಚಲಿಗೆ ಹೋದ್ರೂ ಅಷ್ಟೇ. ನಿಮ್ಮ ಆಟ ನಿಲ್ಲಲ್ಲ.”

ಅವಳು ಒಂದು ಲಂಗ ಮಡಿಸಿ, ಇನ್ನೊಂದಕ್ಕೆ ಕೈ ಹಾಕಿದಳು.

“ಮದುವೆಯಾದ ಹೊಸದರಲ್ಲಿ ನೀವು ಹೋದ್ಮೇಲೂ ನಾನು ಎರಡು ತಟ್ಟೆ ಇಡ್ತಿದ್ದೆ. ಆಮೇಲೆ ಒಂದೇ ಇಡೋದು ಕಲಿತೆ. ಸುಲಭವಾಗಿ ಬಂತು ಅಂದ್ಕೋಬೇಡಿ. ಈಗ ನೀವು ಬಂದ ಮೊದಲ ವಾರ ಪ್ರತಿ ಸಲ ನಿಮ್ಮ ತಟ್ಟೆ ಮರೀತೀನಿ. ನೀವು ಕೈ ತೊಳ್ಕೊಂಡು ಬರೋದ್ರೊಳಗೆ ಓಡಿ ಹೋಗಿ ತಂದಿಡ್ತೀನಿ. ಹದಿನಾರು ವರ್ಷದಿಂದ ಇದೇ ಕಥೆ. ನಿಮಗೆ ಗೊತ್ತಾಗಿಲ್ಲ ಅಷ್ಟೇ.”

ಅವನು, “ಆ ಹಸಿರಿನವನಿಗಿಂತ ನಾನು ಅಷ್ಟು ಕಡೆಯಾ?” ಎಂದು ಕೇಳಿದ.

“ಅವನು ತುಂಬಾ ಒಳ್ಳೆಯವನು ರೀ. ಅವನಿಗೆ ಕೋಪ ಬರಲ್ಲ, ಗೊರಕೆ ಹೊಡೆಯಲ್ಲ, ಉಪ್ಪು ಕೇಳಿದ್ರೆ ಬೀದಿಗೆಲ್ಲ ಕೇಳಿಸಲ್ಲ. ನಾವೇ ಮಾಡ್ಕೊಂಡಿರೋನು ತಾನೆ, ನಮಗೆ ಬೇಕಾದ ಹಾಗಿದ್ದಾನೆ.” ಅವಳು ಮಡಿಸುವುದನ್ನು ನಿಲ್ಲಿಸಿದಳು. “ನೀವೂ ಅವನ ಥರಾನೇ ಆಡೋದಾದ್ರೆ ನೀವ್ಯಾಕೆ ಬೇಕು ಹೇಳಿ? ಅವನಿದ್ದೇ ಇದ್ದಾನಲ್ಲ.”

ಆ ಮಾತು ಫಿಟ್ಟರಿಗೆ ಚುಚ್ಚಿತು. ಎಷ್ಟು ಚುಚ್ಚಿತೆಂದರೆ ಅದು ಸಮಾಧಾನವೆಂದು ತಿಳಿಯಲು ಎರಡು ದಿನ ಬೇಕಾಯಿತು.

ಮೂರನೆಯ ದಿನ ಅವನು ನೋಟ್‌ಬುಕ್ಕನ್ನು ಅಲಮಾರಿನ ಮೇಲೆ ಎಸೆದು, ತನಗೆ ತೋಚಿದ ಹಾಗೆ ಆಡಿದ. ಆಗ ಗೊತ್ತಾಯಿತು ನೋಡಿ, ಇಂಥ ಕೆಟ್ಟ ಆಟಗಾರ ಆ ಮೇಜಿಗೆ ಹಿಂದೆಂದೂ ಬಂದಿರಲಿಲ್ಲ. ಅವನ ರೋಗ ಸೇತುವೆಯದು. ಬಿರುಗಾಳಿ ಬಂದು ಹೋದ ಮೇಲೆ ಮುರಿದ ಸೇತುವೆಗಳನ್ನು ಯಾರೂ ಮುಟ್ಟುವುದಿಲ್ಲ. ಕಟ್ಟಿದವರ ಮರ ಖರ್ಚಾಗುತ್ತದೆ, ದಾಟುವವರು ಎಲ್ಲರೂ ದಾಟುತ್ತಾರೆ. ಫಿಟ್ಟರಿಗೆ ಮಾತ್ರ ಮುರಿದದ್ದು ಕಣ್ಣಿಗೆ ಬಿದ್ದರೆ ಕೈ ತಡೆಯುತ್ತಿರಲಿಲ್ಲ. ತನ್ನ ಊರುಗಳು ಅರ್ಧಕ್ಕೆ ನಿಂತಿದ್ದರೂ ಸರಿ, ಇದ್ದಬದ್ದ ಮರವನ್ನೆಲ್ಲ ಸುರಿದು ಸೇತುವೆ ಕಟ್ಟುತ್ತಿದ್ದ.

“ಅದು ನನ್ನ ದ್ವೀಪದ ಸೇತುವೆ ಅಪ್ಪ,” ವಕೀಲೆ ತಲೆ ಚಚ್ಚಿಕೊಳ್ಳುತ್ತಿದ್ದಳು. “ನೀನ್ಯಾಕೆ ಕಟ್ತೀಯ?”

“ಮುರಿದಿದೆಯಲ್ಲೇ.”

“ಅದರಿಂದ ನಿನಗೇನು ಸಿಗುತ್ತೆ?”

“ಏನೂ ಇಲ್ಲ. ಆದ್ರೂ ಮುರಿದಿದೆಯಲ್ಲ.”

ಹಾಗೆಂದು ಧರ್ಮಾತ್ಮ ಎನ್ನುವ ಹಾಗೂ ಇಲ್ಲ. ಸೇತುವೆ ಕಟ್ಟಿಕೊಟ್ಟ ಮರುಕ್ಷಣ ಅದೇ ಮಗಳ ದೋಣಿ ಮುಳುಗಿಸಿ ಗಹಗಹಿಸುತ್ತಿದ್ದ. ತನ್ನದು ಮುಳುಗಿದರೆ ಗಂಟುಮುಖ ಹಾಕಿಕೊಂಡು ಅರ್ಧ ಗಂಟೆ ಮಾತು ಬಿಡುತ್ತಿದ್ದ. ಒಮ್ಮೆ ಪಿಟೀಲು ದಾಳ ಎಸೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಬಾಗಿಲ ಹೊರಗೆ ನೆಲದ ಮೇಲೆ ಕೂತು, ಮುಳುಗಿದ ದೋಣಿಗೆ ಪರಿಹಾರವೆಂದು ಎರಡು ಧಾನ್ಯದ ಚೀಟಿಯನ್ನು ಬಾಗಿಲ ಸಂದಿನಿಂದ ತಳ್ಳಿದ. ಒಳಗಿನಿಂದ ಚೀಟಿ ವಾಪಸು ಬಂತು, ಹಿಂದೆ ಪೆನ್ಸಿಲಿನಲ್ಲಿ ‘ಐದು’ ಎಂದು ಬರೆದಿತ್ತು. ಕೊನೆಗೆ ನಾಲ್ಕಕ್ಕೆ ರಾಜಿಯಾಯಿತು. ಅವನು ಸತತ ಒಂಬತ್ತು ಆಟ ಸೋತ, ಒಂಬತ್ತರಲ್ಲೂ ಕೊನೆಯವನು. ಅಲಮಾರಿನ ಮೇಲಿನ ನೋಟ್‌ಬುಕ್ಕನ್ನು ಯಾರೂ ಕೆಳಗಿಳಿಸಲಿಲ್ಲ. ಮನೆಯ ತುಂಬ ಜಗಳ. ಅವನಿಗೆ ಅಷ್ಟು ಸುಖವಾಗಿದ್ದ ದಿನಗಳು ನೆನಪಿರಲಿಲ್ಲ.

ರಜೆ ಇನ್ನೂ ಹನ್ನೊಂದು ದಿನ ಇತ್ತು. ಹತ್ತನೆಯ ಆಟದಲ್ಲಿ ಮೂರನೇ ಬಿರುಗಾಳಿ ಮುಗಿದಿತ್ತು, ಬೋರ್ಡು ಮೇಜಿನ ಮೇಲೇ ಇತ್ತು. ಬೆಳಿಗ್ಗೆ ಕಂಪನಿಯಿಂದ ಫೋನು ಬಂತು. ಅವನ ಬದಲಿಗೆ ಹೋದವನಿಗೆ ಕಾಯಿಲೆ, ಹಡಗು ಫಿಟ್ಟರ್ ಇಲ್ಲದೆ ನಿಂತಿದೆ, ಸಂಜೆಯೊಳಗೆ ಹೊರಡಬೇಕು. ಹದಿನಾರು ವರ್ಷದಲ್ಲಿ ಅವನು ಮೊದಲ ಸಲ ಆಗುವುದಿಲ್ಲ ಎಂದ. ಅವರು ಆಗುತ್ತದೆ ಎಂದರು.

ಕಾರು ಬಂದು ಹಾರ್ನು ಹೊಡೆಯಿತು. ಚೀಲ ಹೆಗಲಿಗೇರಿಸಿಕೊಂಡು ಅವನು ಮೇಜಿನ ಹತ್ತಿರ ಒಂದು ಗಳಿಗೆ ನಿಂತ. ಹಸಿರಿನ ಸರದಿ ಅದು.

“ನನ್ನ ಕೈ ನೀವೇ ಆಡಿ,” ಎಂದ. ದೊಡ್ಡ ಮನಸ್ಸಿನಿಂದಲೇ ಹೇಳಬೇಕೆಂದು ಕಾರಿನ ಸದ್ದು ಕೇಳಿದಾಗಿನಿಂದ ಅಭ್ಯಾಸ ಮಾಡಿಕೊಂಡಿದ್ದ. “ಚೆನ್ನಾಗಿ ಆಡ್ತೀರ ನೀವು. ನನಗಿಂತ ಚೆನ್ನಾಗಿ.”

ಪಿಟೀಲು ತಲೆಯಾಡಿಸಿದಳು. ವಕೀಲೆ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ.

ಹಡಗಿನಲ್ಲಿ ಮತ್ತೆ ಅದೇ ಮೂರು ಏಣಿ, ಅದೇ ಎಣ್ಣೆ, ಅದೇ ಗದ್ದಲ. ಫಿಟ್ಟರ್ ಪಂಪುಗಳನ್ನು ಬಿಚ್ಚಿದ, ಜೋಡಿಸಿದ. ಕೈ ಕೆಲಸ ಮಾಡುತ್ತಿದ್ದರೆ ಮನಸ್ಸು ಆ ಮೇಜನ್ನು ಬಿಟ್ಟು ಬರುತ್ತಿರಲಿಲ್ಲ. ನಾಲ್ಕನೇ ಬಿರುಗಾಳಿ ಬಂದಿರಬೇಕು. ಐದನೆಯದೂ ಮುಗಿದಿರಬೇಕು. ಹಸಿರಿನವನು ಮತ್ತೆ ಗೆಲ್ಲಲು ಶುರುಮಾಡಿರಬೇಕು. ಗೆಲ್ಲಲಿ ಎಂದುಕೊಳ್ಳುತ್ತಿದ್ದ. ಮನೆಯಲ್ಲಿ ಜಗಳವಿಲ್ಲದೆ ಇದ್ದರೆ ಒಳ್ಳೆಯದೇ ತಾನೆ ಎಂದುಕೊಳ್ಳುತ್ತಿದ್ದ. ಎದೆಯಲ್ಲಿ ಮಾತ್ರ ಯಾವುದೋ ನಟ್ಟು ಬಿಗಿಯಾಗಿ ಕೂತಿತ್ತು, ಅದಕ್ಕೆ ಹೊಂದುವ ಸ್ಪ್ಯಾನರು ಅವನ ಪೆಟ್ಟಿಗೆಯಲ್ಲಿರಲಿಲ್ಲ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಹಡಗು ಒಂದು ಬಂದರಿನ ಹೊರಗೆ ಲಂಗರು ಹಾಕಿತು. ಮೇಲೆ ಡೆಕ್ಕಿಗೆ ಬಂದು, ಕಂಬಿಯ ಪಕ್ಕ ಸಿಗ್ನಲ್ಲು ಸಿಗುವ ಕಡೆ ನಿಂತು ಫೋನು ಮಾಡಿದ. ಪಿಟೀಲು ಎತ್ತಿಕೊಂಡಳು.

“ಯಾರು ಗೆದ್ರು?” ಎಂದು ಕೇಳಿದ. ಸಹಜವಾಗಿಯೇ ಕೇಳಿದೆ ಎಂದುಕೊಂಡ.

“ಯಾರೂ ಇಲ್ಲ. ಆಟ ನಿಂತೇ ಹೋಗಿದೆ.” ಅವಳ ರಾಗ ಶುರುವಾಯಿತು. “ನೀನು ಸೇತುವೆ ಕಟ್ತೀಯ ಅಂತ ಅಕ್ಕ ಅಂತಾಳೆ. ಇಲ್ಲ, ನನ್ನ ದೋಣಿ ಮುಳುಗಿಸ್ತೀಯ ಅಂತ ನಾನು. ಅಮ್ಮ ಎರಡೂ ಅಲ್ಲ ಅಂತಾಳೆ. ಮೂರು ಜನಾನೂ ಒಪ್ಪಬೇಕಲ್ಲ, ಒಪ್ತಾನೇ ಇಲ್ಲ. ನೋಟ್‌ಬುಕ್ಕಲ್ಲಿ ಇರೋದು ನೀನಲ್ಲ ಅಂತ ಅಕ್ಕ ಅದನ್ನ ತೆಗೆಯೋಕೂ ಬಿಡಲ್ಲ. ಹತ್ತೊಂಬತ್ತು ದಿನದಿಂದ ನಿನ್ನ ಸರದಿನೇ ಅಪ್ಪ. ಫೋಟೋ ಕಳಿಸಿದ್ದೀನಿ ನೋಡು.”

ಫೋಟೋ ಬಂತು. ಊಟದ ಮೇಜು, ಅದರ ತುಂಬ ಬೋರ್ಡು, ಅವನು ಬಿಟ್ಟುಬಂದ ಹಾಗೆಯೇ ನಿಂತ ಹಸಿರು ಕಾಯಿಗಳು. ಆಚೆಗೆ ಅವನ ಖಾಲಿ ಕುರ್ಚಿ. ಅದರಲ್ಲಿ ಯಾರೂ ಇರಲಿಲ್ಲ. ಅವನು ಕಂಬಿ ಹಿಡಿದುಕೊಂಡ.

“ಏನು ಮಾಡ್ತೀಯ? ಬೇಗ ಹೇಳು, ನಾನು ಕಾಯಿ ಇಡ್ತೀನಿ.”

ಏನು ಮಾಡಬೇಕೆಂದು ಅವನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಒಂದು ಮಾತು ಹೇಳಿದರೆ ಕಾಯಿ ಮುಂದೆ ಹೋಗುತ್ತದೆ, ಸರದಿ ವಕೀಲೆಗೆ ದಾಟುತ್ತದೆ, ಅಲ್ಲಿಂದ ತಾಯಿಗೆ. ಅವನು ಹಡಗಿನಲ್ಲಿರುತ್ತಾನೆ, ಆಟ ಅಲ್ಲಿ ನಡೆಯುತ್ತಿರುತ್ತದೆ.

“ಯೋಚನೆ ಮಾಡ್ಬೇಕು ಪುಟ್ಟಾ,” ಎಂದ. “ಇದು ಸುಲಭ ಇಲ್ಲ.”

“ಎಷ್ಟು ದಿನ?”

ಫೋನು ಕೈ ಬದಲಾದ ಸದ್ದಾಯಿತು. ಆಮೇಲೆ ಹೆಂಡತಿಯ ದನಿ.

“ನಿಧಾನವಾಗಿ ಯೋಚನೆ ಮಾಡಿ ರೀ,” ಎಂದಳು ಅವಳು. “ನಾವು ನೆಲದ ಮೇಲೆ ಕೂತು ಊಟ ಮಾಡ್ತಿದ್ದೀವಿ.”